ಓಡುತ್ತಿದ್ದ ಹಳಿ, ಸತ್ತ ಹಳಿ

ಬರ್ಲಿನ್ ಅಂದರೆ ಎಲ್ಲರೂ ಗೋಡೆಯ ಬಗ್ಗೆ ಬರೆಯುತ್ತಾರೆ. ನಾನು ಹಳಿಯ ಬಗ್ಗೆ ಬರೆಯುತ್ತೇನೆ. ಊರು ಎರಡಾದಾಗಲೂ ರೈಲು ಓಡುತ್ತಲೇ ಇದ್ದ ಮಾರ್ಗ ಬೇಗ ಕೂಡಿಕೊಂಡಿತು. ಓಡಾಟ ನಿಂತ ಮಾರ್ಗಕ್ಕೆ ವರ್ಷಗಳೇ ಹಿಡಿದವು.

1961ರ ಆಗಸ್ಟ್ 13ರಂದು ಪೂರ್ವ, ಪಶ್ಚಿಮ ಬರ್ಲಿನ್ ನಡುವಿನ ಗಡಿ ಮುಚ್ಚಿತು. ಪಶ್ಚಿಮದ ಎರಡು ಮೆಟ್ರೊ ಮಾರ್ಗಗಳು (ಈಗಿನ ಯು6, ಯು8) ಪೂರ್ವ ಬರ್ಲಿನ್ನಿನ ನೆಲದಡಿ ಹಾದು ಮತ್ತೆ ಪಶ್ಚಿಮಕ್ಕೇ ಬರುತ್ತಿದ್ದವು. ಪೂರ್ವದವರಿಗೆ ದುಡ್ಡು ಕಟ್ಟಿ ಪಶ್ಚಿಮದವರು ಅವನ್ನು ಓಡಿಸಿದರು. ಯು8ರಲ್ಲಿ ಆರು ಸ್ಟೇಷನ್ ಬಂದ್. ಮೆಟ್ಟಿಲ ಬಾಯಿ ಮುಚ್ಚಿತ್ತು, ಮಂದ ಬೆಳಕಿನ ಪ್ಲಾಟ್‌ಫಾರ್ಮಿನಲ್ಲಿ ಗಡಿ ಪೊಲೀಸರ ಕಾವಲು, ರೈಲು ನಿಲ್ಲದೆ ನಿಧಾನಕ್ಕೆ ದಾಟುತ್ತಿತ್ತು. ಜನ ಇವನ್ನು ದೆವ್ವದ ಸ್ಟೇಷನ್ ಅಂದರು. ಯು6 ಮಾತ್ರ ಪೂರ್ವದ ಒಂದೇ ಸ್ಟೇಷನ್ನಿನಲ್ಲಿ, ಫ್ರೀಡ್ರಿಷ್‌ಸ್ಟ್ರಾಸೆಯಲ್ಲಿ ನಿಲ್ಲುತ್ತಿತ್ತು.

ಆದರೆ ಅಲ್ಲಿ ಹಳಿ, ಕರೆಂಟು, ಸಿಗ್ನಲ್ ಎಲ್ಲವೂ ಬಳಕೆಯಲ್ಲಿದ್ದವು. 1989ರ ನವೆಂಬರ್ 9ಕ್ಕೆ ಗಡಿ ತೆರೆಯಿತು, 11ಕ್ಕೇ ಯಾನೋವಿಟ್ಸ್‌ಬ್ರುಕೆ ಸ್ಟೇಷನ್ ತೆರೆಯಿತು. ಉಳಿದವೂ 1990ರ ಜುಲೈ 1ರ ಹೊತ್ತಿಗೆ ತೆರೆದವು. ಮೆಟ್ಟಿಲು ಬಿಡಿಸಿ, ದೀಪ ಹಾಕಿ, ಗುಡಿಸಿದರೆ ಆಯಿತು, ಸುರಂಗ ಮುಟ್ಟಬೇಕಿರಲಿಲ್ಲ.

ಈಗ ಇನ್ನೊಂದು ಮೆಟ್ರೊ ಮಾರ್ಗ ಯು2 ನೋಡಿ. ಇದನ್ನು ಗಡಿಯಲ್ಲಿ ಕತ್ತರಿಸಿದರು. ಪಶ್ಚಿಮದಲ್ಲಿ ಗಡಿಯ ಕಡೆಗಿನ ತುಂಡಿನಲ್ಲಿ 1972ರಿಂದ ರೈಲೇ ಇರಲಿಲ್ಲ. ಖಾಲಿ ಜಾಗ ಕಂಡರೆ ಜನ ಸುಮ್ಮನಿರುತ್ತಾರೆಯೇ? ನೋಲೆನ್‌ಡೋರ್ಫ್‌ಪ್ಲಾಟ್ಸ್‌ನ ಮೇಲಿನ ಸ್ಟೇಷನ್ ಹಳೇ ಸಾಮಾನಿನ ಸಂತೆಯಾಯಿತು, ಬ್ಯೂಲೋಸ್ಟ್ರಾಸೆ ಟರ್ಕಿಯವರ ಬಜಾರಾಯಿತು. ಗೋಡೆ ನಿಂತಿದ್ದಾಗಲೇ ಅದೇ ಜಾಡಿನ ಒಂದಿಷ್ಟು ಭಾಗದಲ್ಲಿ ಮ್ಯಾಗ್ಲೆವ್ (ಅಯಸ್ಕಾಂತದ ಬಲದಿಂದ ಓಡುವ) ರೈಲು ಕಟ್ಟಿದರು! 1991ರಲ್ಲಿ ಅದನ್ನು ಕಿತ್ತು ಹಾಕದೆ ಯು2 ಜೋಡಿಸಲು ಆಗುತ್ತಿರಲಿಲ್ಲ. ಮಾರ್ಗ ಒಂದಾಗಿದ್ದು 1993ರ ನವೆಂಬರ್ 13ಕ್ಕೆ.

ಎಸ್-ಬಾನ್, ಅಂದರೆ ಬರ್ಲಿನ್ನಿನ ಲೋಕಲ್ ರೈಲಿನ ವರ್ತುಲ ಮಾರ್ಗದ್ದು ಇನ್ನೂ ಹದಗೆಟ್ಟ ಕಥೆ. ಪಶ್ಚಿಮದಲ್ಲೂ ಅದನ್ನು ಓಡಿಸುತ್ತಿದ್ದದ್ದು ಪೂರ್ವ ಜರ್ಮನಿಯ ರೈಲ್ವೆ. ಟಿಕೆಟ್ ದುಡ್ಡು ಗಡಿಯ ಮುಳ್ಳುತಂತಿಗೆ ಹೋಗುತ್ತದೆಂದು ಪಶ್ಚಿಮದವರು ಬಹಿಷ್ಕಾರ ಹಾಕಿದರು. ಸಿಟ್ಟು ನ್ಯಾಯವೇ, ಪೆಟ್ಟು ಬಿದ್ದದ್ದು ಮಾತ್ರ ತಮ್ಮದೇ ಊರಿನ ಹಳಿಗೆ. 1980ರ ಮುಷ್ಕರದ ನಂತರ ಹಲವು ಮಾರ್ಗ ಬಂದ್ ಆದವು. ವರ್ತುಲ ಪೂರ್ತಿಯಾಗಿದ್ದು 2002ರ ಜೂನ್‌ನಲ್ಲಿ.

ಟ್ರಾಮಿನದಂತೂ ಇನ್ನೂ ಮುಗಿದಿಲ್ಲ. 1953ರಲ್ಲೇ ಗಡಿಯಲ್ಲಿ ಕಡಿದರು, 1967ಕ್ಕೆ ಪಶ್ಚಿಮದವರು ಕೊನೆಯ ಟ್ರಾಮನ್ನೂ ನಿಲ್ಲಿಸಿ ಬಸ್ಸಿಗಿಳಿದರು. ಪೂರ್ವದಲ್ಲಿ ಹಳಿಯಿತ್ತು, ಅದನ್ನು ಜೋಡಿಸಲು ಪಶ್ಚಿಮದಲ್ಲಿ ತುದಿಯೇ ಇರಲಿಲ್ಲ. 1995ರಲ್ಲಿ ಬೋರ್ನ್‌ಹೋಲ್ಮರ್‌ ರಸ್ತೆಯಲ್ಲಿ ಹೊಸ ಹಳಿ ಹಾಸಿ ಪಶ್ಚಿಮಕ್ಕೆ ದಾಟಿಸಿದರು. ಇವತ್ತಿಗೂ ಬರ್ಲಿನ್ ಟ್ರಾಮ್ ನಕ್ಷೆ ತೆಗೆದರೆ ಗೆರೆಗಳೆಲ್ಲ ಹೆಚ್ಚುಕಡಿಮೆ ಪೂರ್ವದಲ್ಲೇ.