ಬಿಸಿಲು ಬಂದರೆ ಭಾವ ಬರುತ್ತಾರೆ

ಭಾವ ಶನಿವಾರ ಬಂದು ಹೋದರು. ಇವತ್ತು ಬುಧವಾರ. ಕಾರ್ಪೆಟ್ಟಿನಲ್ಲಿ ಇನ್ನೂ ಕಲ್ಲು ಸಿಗುತ್ತಿವೆ. ಬೆಳಿಗ್ಗೆ ವ್ಯಾಕ್ಯೂಮ್ ಕ್ಲೀನರ್ ಅಂಥದ್ದೊಂದನ್ನು ನುಂಗಿತು. ಟಕಟಕ ಅಂತ ಸದ್ದು ಮಾಡಿ ಸುಮ್ಮನಾಯಿತು. ರಿಪೇರಿಯವನು ಫೋನಿನಲ್ಲೇ "ಹೊಸದು ತಗೊಳ್ಳಿ" ಅಂದುಬಿಟ್ಟ.

ಇಂಗ್ಲೆಂಡಿನ ಉಳಿದ ಜನರೆಲ್ಲ ಬಿಸಿಲಿಗೆ ಹರಕೆ ಹೊರುತ್ತಾರೆ. ಬ್ರೈಟನ್‌ನಲ್ಲಿರುವ ನಾವು ಮೋಡ ಕವಿದರೆ ನೆಮ್ಮದಿಯಾಗಿ ಕಾಫಿ ಕುಡಿಯುತ್ತೇವೆ. ವಾರದ ಕೊನೆಗೆ 24 ಡಿಗ್ರಿ ಅಂತ ಮೊಬೈಲು ತೋರಿಸಿತೋ, ಮುಗಿಯಿತು. ಲಂಡನ್ನಿನ ವಿಕ್ಟೋರಿಯಾದಿಂದ ಇಲ್ಲಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಹತ್ತು ಗಂಟೆಗೆಲ್ಲ ಸ್ಟೇಷನ್ನಿನಿಂದ ಸಮುದ್ರದ ಕಡೆಗೆ ಜನ ಇಳಿಯತೊಡಗುತ್ತಾರೆ. ಗಾಳಿ ತುಂಬಿದ ಫ್ಲೆಮಿಂಗೊ, ಐಸ್ ಪೆಟ್ಟಿಗೆ, ಸ್ಪೀಕರು, ಅಳುವ ಮಗು. ನಾವು ಹಾಲು ತರಬೇಕೆಂದರೂ ಅವರೆಲ್ಲರ ಎದುರಿಗೆ ದಿಣ್ಣೆ ಹತ್ತಬೇಕು. ಆದರೂ ರೈಲಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನಮ್ಮ ಮನೆಗೆ ಬರುವುದಿಲ್ಲ. ಭಾವ ಕಾರಿನಲ್ಲಿ ಬರುತ್ತಾರೆ.

ಅಕ್ಕ ಭಾವ ಇರುವುದು ಲಂಡನ್ನಿನ ಪಶ್ಚಿಮದಂಚಿನ ಹೌನ್‌ಸ್ಲೋದಲ್ಲಿ. ಮುಂಚೆ ಹೇಳಿ ಬರುವುದು ಭಾವನ ಜಾಯಮಾನವೇ ಅಲ್ಲ. ಫೋನು ಬರುವುದು ಎಂ23 ಹೆದ್ದಾರಿಯಿಂದ.

"ಏನಮ್ಮಾ, ಮನೇಲಿದ್ದೀರಾ?"

"ಇದ್ದೀವಿ ಭಾವ. ನೀವೆಲ್ಲಿದ್ದೀರಿ?"

"ಗ್ಯಾಟ್ವಿಕ್ ದಾಟಿದ್ವಿ. ಬಿಸಿಲಿತ್ತಲ್ಲ, ಸುಮ್ನೆ ಹೊರಟ್ವಿ. ನೀನೇನೂ ಜಾಸ್ತಿ ಮಾಡೋಕೆ ಹೋಗಬೇಡ. ಅನ್ನ ಸಾರು ಸಾಕು."

ಜೊತೆಗೆ ಅವರ ಪಕ್ಕದ ಮನೆಯವರೂ ಇದ್ದಾರೆ ಅನ್ನುವುದು ಬಾಗಿಲು ತೆರೆದ ಮೇಲೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಭಾವ ಪಾರ್ಕಿಂಗ್ ಹುಡುಕುತ್ತಾ ನಮ್ಮ ಬೀದಿಗೆ ನಾಲ್ಕು ಪ್ರದಕ್ಷಿಣೆ ಹಾಕಿರುತ್ತಾರೆ. ನಮಗೆ ಸಿಗುವ ವಿಸಿಟರ್ ಪರ್ಮಿಟ್‌ಗಳು ವರ್ಷಕ್ಕೆ ಇಷ್ಟೇ ಅಂತ ಲೆಕ್ಕ. ಅವುಗಳಲ್ಲಿ ಅರ್ಧಕ್ಕರ್ಧ ಭಾವನ ಕಾರಿಗೇ ಮೀಸಲು.

ಇನ್ನು ಕಲ್ಲಿನ ವಿಷಯ. ಬ್ರೈಟನ್ ಬೀಚಿನಲ್ಲಿ ಮರಳಿಲ್ಲ. ಇಳಿತದ ಹೊತ್ತಿನಲ್ಲಿ ನೀರಂಚಿಗೆ ಒಂದಿಷ್ಟು ಕಾಣುತ್ತದೆ, ಅಷ್ಟೇ. ಉಳಿದದ್ದೆಲ್ಲ ಗುಂಡುಗುಂಡು ಕಲ್ಲು. ಈ ಕರಾವಳಿಯ ಬಿಳಿ ಸುಣ್ಣದ ಗುಡ್ಡಗಳ ಒಳಗೆ ಫ್ಲಿಂಟ್ ಅನ್ನುವ ಗಟ್ಟಿ ಕಲ್ಲಿರುತ್ತದೆ. ಅಲೆಗಳು ಗುಡ್ಡವನ್ನು ತಿಂದು ಕಲ್ಲನ್ನು ಉಗುಳಿವೆ. ಇದನ್ನು ಭಾವನಿಗೆ ಬಂದಾಗಲೆಲ್ಲ ವಿವರಿಸಿದ್ದೇನೆ. ಬಂದಾಗಲೆಲ್ಲ ಅವರು "ನಾಲ್ಕು ಲಾರಿ ಮರಳು ಹಾಕಿಸೋಕೆ ಇವರಿಗೇನಂತೆ ಕಷ್ಟ?" ಅನ್ನುತ್ತಾರೆ.

ಭಾವ ಕೆ.ಆರ್. ಪೇಟೆ ಕಡೆಯವರು. ಸಮುದ್ರ ಕಂಡರೆ ಅವರಿಗೆ ಭಕ್ತಿ ಉಕ್ಕುತ್ತದೆ. ಬಂದ ಮೇಲೆ ನೀರು ಮುಟ್ಟಿ ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳಲೇಬೇಕು. ಅದೂ ಬರಿಗಾಲಿನಲ್ಲಿ. ಶನಿವಾರ ನಾವು ಹೋದಾಗ ಇಳಿತ. ನೀರು ದೂರ ಹೋಗಿತ್ತು. ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಚಪ್ಪಲಿಯನ್ನು ಚಾಪೆಯ ಪಕ್ಕ ಬಿಟ್ಟು ಭಾವ ಹೊರಟರು. ನಮ್ಮ ಕಡೆ ಕೊಂಡ ಹಾಯುವುದನ್ನು ನೀವು ನೋಡಿರಬಹುದು. ಅವರಾದರೂ ಓಡುತ್ತಾರೆ. ಭಾವನಿಗೆ ಓಡಲೂ ಆಗದು. ಎರಡೂ ಕೈ ಅಗಲಿಸಿ, ಒಂದು ಹೆಜ್ಜೆಗೆ "ಅಮ್ಮಾ", ಇನ್ನೊಂದಕ್ಕೆ "ಅಯ್ಯಪ್ಪಾ". ಬೀಚಿನ ಎರಡನೆಯ ಕಲ್ಲುದಿಣ್ಣೆಯ ತುದಿ ಮುಟ್ಟಿದವರು ಅಲ್ಲೇ ನಿಂತುಬಿಟ್ಟರು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ.

ಅಕ್ಕ ಚಾಪೆಯಿಂದಲೇ ಕೂಗಿದಳು: "ಚಪ್ಪಲಿ ಹಾಕ್ಕೊಳ್ರೀ!"

ಇಡೀ ಬೀಚು ತಿರುಗಿ ನೋಡಿತು. ರಬ್ಬರ್ ಶೂ ಹಾಕಿದ್ದ ಒಂದು ಪುಟ್ಟ ಹುಡುಗಿ ಭಾವನ ಮುಂದೆ ನಿಂತು "ಆರ್ ಯೂ ಓಕೆ?" ಅಂತ ಕೇಳಿತು. ಅದರ ತಾಯಿ ತನ್ನ ಗುಲಾಬಿ ಬಣ್ಣದ ಹವಾಯಿ ಚಪ್ಪಲಿ ಬಿಚ್ಚಿ ಕೊಡಲು ಬಂದಳು. ಭಾವ ಕಣ್ಣಲ್ಲಿ ನೀರು ತುಂಬಿಕೊಂಡು "ನೋ ನೋ, ಐ ಆಮ್ ಎಂಜಾಯಿಂಗ್" ಅಂದರು.

ಕೊನೆಗೆ ನಾನೇ ಚಪ್ಪಲಿ ಎತ್ತಿಕೊಂಡು ಓಡಿದೆ. ಅದಕ್ಕೂ ಬೈಗುಳ. "ಸಮುದ್ರರಾಜನ ಹತ್ತಿರ ಹೋಗ್ತಿದ್ದೀನಿ, ಚಪ್ಪಲಿ ಹಿಡ್ಕೊಂಡು ಬರ್ತೀಯಲ್ಲಮ್ಮಾ!" ಅಷ್ಟು ಹೇಳಿ ಅಲ್ಲೇ ಕುಳಿತರು. ಕುಳಿತಲ್ಲಿಂದಲೇ ಜಾರತೊಡಗಿದರು. ಹೊಸ ಪ್ಯಾಂಟು. ಐವತ್ತೆಂಟರ ಮನುಷ್ಯ. ಹಿಂದೆ ಎರಡು ಕೈ ಊರಿ, ಕಲ್ಲುಗಳ ಜೊತೆ ತಾನೂ ಜರಜರ ಅಂತ ಜಾರುತ್ತಾ ನೀರಿನವರೆಗೆ ಹೋದರು. ಜೂನ್ ತಿಂಗಳಾದರೂ ಇಲ್ಲಿನ ನೀರು ಜೀವ ಜುಂ ಅನ್ನಿಸುವಷ್ಟು ತಣ್ಣಗಿರುತ್ತದೆ. ಪ್ರೋಕ್ಷಣೆ ಆಯಿತು. ಮಡಚಿದ ಪ್ಯಾಂಟಿನಲ್ಲಿ, ಜೇಬಿನಲ್ಲಿ ಎಷ್ಟು ಕಲ್ಲು ಸೇರಿಕೊಂಡವು ಅನ್ನುವುದು ಈಗ ನನ್ನ ಕಾರ್ಪೆಟ್ಟಿಗೆ ಮಾತ್ರ ಗೊತ್ತು.

ಅತ್ತ ಚಾಪೆಯ ಕಥೆ ಬೇರೆ. ಸೀಗಲ್ ಹಕ್ಕಿಯನ್ನು ದಿಟ್ಟಿಸಿ ನೋಡಿದರೆ ಅದು ತಿಂಡಿಯ ಹತ್ತಿರ ಬರಲು ಹಿಂಜರಿಯುತ್ತದೆ ಅಂತ ಎಕ್ಸೆಟರ್ ವಿಶ್ವವಿದ್ಯಾಲಯದವರು 2019ರಲ್ಲಿ ಕಂಡುಕೊಂಡಿದ್ದಾರೆ. ಸರಾಸರಿ 21 ಸೆಕೆಂಡು ತಡ ಮಾಡಿತಂತೆ. ಅಕ್ಕನ ಮಗ ಇದನ್ನು ಓದಿಕೊಂಡಿದ್ದ. ಅಮ್ಮನನ್ನು ಒಂದು ಹಕ್ಕಿಯ ಮುಂದೆ ಕೂರಿಸಿ ದಿಟ್ಟಿಸಲು ಹೇಳಿದ. ಅಕ್ಕ ದಿಟ್ಟಿಸಿದಳು. ಹಿಂದಿನಿಂದ ಇನ್ನೊಂದು ಬಂದು ಕೋಡುಬಳೆಯ ಕವರನ್ನೇ ಎತ್ತಿಕೊಂಡು ಹೋಯಿತು. ಸಂಶೋಧನೆಯಲ್ಲಿ ಎರಡನೆಯ ಹಕ್ಕಿಯ ಮಾತು ಇರಲಿಲ್ಲವಂತೆ. 1981ರ ಕಾನೂನು ಇವುಗಳ ರಕ್ಷಣೆಗಿದೆ. ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ಚಿಮಣಿಯ ಮೇಲೆ ಕೂತು ಕಿರುಚುವಾಗ ಅವಕ್ಕೂ ಅದು ಗೊತ್ತಿದೆ ಅನಿಸುತ್ತದೆ.

ವಾಪಸ್ ಬರುವಾಗ ಇಲ್ಲಿನ ಹಳೆಯ ಅರಮನೆ ರಾಯಲ್ ಪೆವಿಲಿಯನ್ ಮುಂದೆ ಫೋಟೊ. ಗುಮ್ಮಟ, ಮಿನಾರು ನೋಡಿ ಭಾವ ಪಕ್ಕದ ಮನೆಯವರಿಗೆ "ನಮ್ಮ ಮೈಸೂರು ಅರಮನೆ ನೋಡಿ ಕಾಪಿ ಹೊಡೆದಿದ್ದಾರೆ" ಅಂದರು. ನಾಲ್ಕನೇ ಜಾರ್ಜ್ ಇನ್ನೂ ಯುವರಾಜನಾಗಿದ್ದಾಗ 1815ರಲ್ಲಿ ಇದಕ್ಕೆ ಈ ರೂಪ ಕೊಡಲು ಶುರು ಮಾಡಿಸಿದ್ದು. ಮೈಸೂರಿನ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಭಾವನಿಗೆ ಯಾರು ಹೇಳುತ್ತಾರೆ?

ಬೇರೊಂದು ವಿಷಯ ಹೇಳಿದೆ. ಮೊದಲ ಮಹಾಯುದ್ಧದಲ್ಲಿ, 1914ರಿಂದ 1916ರ ಆರಂಭದವರೆಗೆ, ಈ ಪೆವಿಲಿಯನ್ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಜಾತಿ, ಧರ್ಮ ನೋಡಿ ಒಂಬತ್ತು ಅಡುಗೆಮನೆ ಮಾಡಿದ್ದರು. ಇಲ್ಲಿ ತೀರಿಕೊಂಡ ಹಿಂದೂ, ಸಿಖ್ ಸೈನಿಕರನ್ನು ಊರಾಚೆ ಪ್ಯಾಚಮ್ ಹತ್ತಿರದ ಗುಡ್ಡದ ಮೇಲೆ ದಹನ ಮಾಡಿ, ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಆ ಗುಡ್ಡದಲ್ಲಿ 1921ರಿಂದ ಬಿಳಿ ಅಮೃತಶಿಲೆಯ ಒಂದು ಸ್ಮಾರಕ ಮಂಟಪ ಇದೆ, ಅದಕ್ಕೆ ಛತ್ರಿ ಅಂತ ಹೆಸರು.

ಭಾವ ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ನಾನು ತಲೆಗೆ ಹಾಕ್ಕೊಂಡಿದ್ದು ಅದೇ ನೀರಾ?" ಅಂದರು.

"ಅದೇ ಸಮುದ್ರ ಭಾವ."

ಸಮುದ್ರ ಯಾವ ದಿಕ್ಕಿಗಿದೆ ಅಂತ ನನ್ನನ್ನೇ ಕೇಳಿ, ಆ ಕಡೆಗೆ ತಿರುಗಿ ಕೈ ಮುಗಿದರು. ಐಸ್‌ಕ್ರೀಮ್ ಹಿಡಿದು ಅಡ್ಡ ಬಂದವನೊಬ್ಬ ತನಗೇ ಮುಗಿದರೇನೋ ಅಂದುಕೊಂಡು "ಸಾರಿ" ಅಂದ. "ಹಾಗಾದ್ರೆ ಬರಿಗಾಲಲ್ಲಿ ಹೋಗಿದ್ದೇ ಸರಿ ಬಿಡು" ಅಂದರು ಭಾವ. ಅದಕ್ಕೆ ನಾನೇನೂ ಎದುರು ಹೇಳಲಿಲ್ಲ.

ಆ ಮೃದು ಮನಸ್ಸು ಕಾರು ಹತ್ತುವವರೆಗೂ ಉಳಿಯಲಿಲ್ಲ. ಕಿಟಕಿ ಇಳಿಸಿ ಭಾವ ಸಲಹೆ ಕೊಟ್ಟರು. "ಬೋರ್ನ್‌ಮತ್‌ನಲ್ಲಿ ಮೈಲಿಗಟ್ಟಲೆ ಮರಳಂತಲ್ಲಮ್ಮಾ. ಇದನ್ನ ಮಾರಿ ಅಲ್ಲೊಂದು ಮನೆ ತಗೊಂಡುಬಿಡಿ. ನಮಗೂ ಎಂ3ಯಲ್ಲಿ ನೇರ ದಾರಿ."

ಅವರು ಹೋದ ಮೇಲೆ ನಮ್ಮ ಮನೆಯವರು ಲ್ಯಾಪ್‌ಟಾಪ್ ತೆಗೆದು ಕೂತರು. ಬ್ರಿಟನ್ನಿನಲ್ಲಿ ಸಮುದ್ರದಿಂದ ಅತಿ ದೂರ ಇರುವ ಊರು ಯಾವುದು ಅಂತ ಹುಡುಕಿದರು. ಡರ್ಬಿಶೈರ್‌ನ ಕೋಟನ್ ಇನ್ ದಿ ಎಲ್ಮ್ಸ್ ಅಂತ ಒಂದು ಹಳ್ಳಿಯಂತೆ. ಯಾವ ಕಡೆಯಿಂದ ನೋಡಿದರೂ ಸಮುದ್ರಕ್ಕೆ 70 ಮೈಲಿ. ಅಲ್ಲಿ ಮೂರು ಬೆಡ್‌ರೂಮಿನ ಮನೆಗಳ ಬೆಲೆ ನೋಡುತ್ತಿದ್ದರು. ಎರಡೇ ಸಾಕು, ಗೆಸ್ಟ್ ರೂಮ್ ಬೇಡ ಅಂದೆ.