ಹಣ್ಣಿನ ಪಕ್ಕದಲ್ಲೇ ಹೂವು

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಗಿಡಮರ ಚೆನ್ನಾಗಿ ಬೆಳೆಯುತ್ತವೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ, ಆದರೆ ಹೊತ್ತಿಗೆ ಸರಿಯಾಗಿ ಮಳೆಯೂ ಬೇಕಲ್ವಾ? ಕೊಡಗಿನ ನಮ್ಮ ರೊಬಸ್ಟಾ ಕಾಫಿ ತೋಟಕ್ಕೆ ಹೂಮಳೆ, ಅಂದರೆ ಹೂವು ಅರಳಿಸುವ ಮಳೆ, ಬೇಕಾಗುವುದು ಫೆಬ್ರವರಿ ಕೊನೆಗೆ, ಮಾರ್ಚ್‌ನಲ್ಲಿ. 2021ರಲ್ಲಿ ಜನವರಿ ಮೊದಲಲ್ಲೇ ಜೋರಾಗಿ ಸುರಿಯಿತು. ಒಂದೇ ಕೊಂಬೆಯಲ್ಲಿ ಕೆಂಪು ಹಣ್ಣು, ಪಕ್ಕದಲ್ಲೇ ಬಿಳಿ ಹೂವು! ಹಣ್ಣು ಕೊಯ್ಯಲು ಕೈ ಹಾಕಿದರೆ ಹೂವು ಉದುರುತ್ತದೆ, ಬಿಟ್ಟರೆ ಹಣ್ಣು ನೆಲದ ಪಾಲು. ಕಣದಲ್ಲಿ ಒಣಗಲು ಹರಡಿದ್ದಕ್ಕೂ ಬೂಷ್ಟು ಹಿಡಿಯಿತು. ನೋಡಿ ಹೊಟ್ಟೆ ಉರಿಯಿತು.

ಇನ್ನು ಓಝೋನ್ ವಿಷಯ ಬಿಟ್ಟೇಬಿಟ್ಟಿದ್ದೀರಿ. ವಾಹನದ ಹೊಗೆಗೆ ಬಿಸಿಲು ತಾಗಿ ನೆಲಮಟ್ಟದಲ್ಲಿ ಹುಟ್ಟುವ ಈ ಅನಿಲ ಎಲೆಯ ಸಣ್ಣ ರಂಧ್ರಗಳಿಂದ ಒಳಹೊಕ್ಕು ಹಾಳು ಮಾಡುತ್ತದೆ. ಗೋಧಿ, ಸೋಯಾಬೀನ್ ಇಳುವರಿ ಇಳಿಯುತ್ತದೆ. ಪೇಟೆಯಿಂದ ದೂರದ ಹೊಲಕ್ಕೂ ಅದು ಗಾಳಿಯಲ್ಲೇ ಬರುತ್ತದೆ. ದಯವಿಟ್ಟು ಅದನ್ನೂ ಬರೆಯಿರಿ.