ಬಿಟ್ಟು ಹೋಗುವವನಿಗೂ ಒಂದು ಪಾಲು ಬೇಡವೇ?

ಯೆರೂಸಲೇಮಿನ ಮೊದಲ ಕ್ರೈಸ್ತರು ಹೊಲ, ಮನೆ ಮಾರಿ ಎಲ್ಲರಿಗೂ ಹಂಚಿದ ಕತೆ ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದಲ್ಲಿದೆ. ಚಿಕ್ಕಂದಿನಿಂದ ಚರ್ಚಿನ ಸಭೆಯಲ್ಲಿ ಇದನ್ನು ಕೇಳಿದಾಗಲೆಲ್ಲ ಹಿಂದೆಯೇ ಇನ್ನೊಂದು ಮಾತೂ ಕೇಳಿದ್ದೇನೆ: "ಅದು ಆ ಕಾಲಕ್ಕೆ ಸರಿ, ಈಗ ಆಗಲ್ಲ." ನಾನು ಇದನ್ನು ಒಪ್ಪುವುದಿಲ್ಲ. ಹಟರೈಟರು ಎಂಬ ಕ್ರೈಸ್ತ ಪಂಗಡದವರು ಅದನ್ನು ಇವತ್ತಿಗೂ ಮಾಡುತ್ತಿದ್ದಾರೆ.

1528ರಲ್ಲಿ ಮೊರಾವಿಯಾದ (ಈಗಿನ ಚೆಕ್ ದೇಶದ ಭಾಗ) ನಿಕೋಲ್ಸ್‌ಬರ್ಗ್ ಬಿಟ್ಟು ಹೊರಟ ಸುಮಾರು 200 ಜನ ದಾರಿಯಲ್ಲಿ ಒಂದು ಮೇಲಂಗಿ ಹಾಸಿದರು. ತಮ್ಮ ಬಳಿ ಇದ್ದದ್ದನ್ನು ಅದರ ಮೇಲೆ ಇಟ್ಟರು. ಯಾರೂ ಬಲವಂತ ಮಾಡಿರಲಿಲ್ಲ. ಮುಂದೆ ಇವರನ್ನು ಕಟ್ಟಿ ಬೆಳೆಸಿದ ಯಾಕೋಬ್ ಹಟರ್‌ನನ್ನು 1536ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಸುಟ್ಟು ಕೊಂದರು. ಉಳಿದವರು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಓಡಿದರು. ನಡುವೆ ಹಂಚಿ ಬಾಳುವುದು ನಿಂತೂ ಹೋಗಿತ್ತು, ಮತ್ತೆ ಹಿಡಿದರು. 1870ರ ದಶಕದಲ್ಲಿ ಅಮೆರಿಕದ ಡಕೋಟ ಸೇರಿದರು. ಅಲ್ಲೂ ನೆಮ್ಮದಿ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಬಟ್ಟೆ ತೊಡುವುದಿಲ್ಲ ಎಂದ ಜೋಸೆಫ್ ಮತ್ತು ಮೈಕೆಲ್ ಹೋಫರ್ ಎಂಬ ಅಣ್ಣತಮ್ಮಂದಿರು 1918ರಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡರು. ಜೋಸೆಫನ ಹೆಣಕ್ಕೆ ಅದೇ ಸೈನ್ಯದ ಬಟ್ಟೆ ತೊಡಿಸಿದ್ದರು. ಇದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಇಂದು ಕೆನಡಾ, ಅಮೆರಿಕದಲ್ಲಿ ಇವರ 500ಕ್ಕೂ ಹೆಚ್ಚು ಕಾಲೊನಿಗಳಿವೆ. ಮನೆ ಬೇರೆ ಬೇರೆ, ಅಡುಗೆ ಒಂದೇ ಕಡೆ. ಸಂಬಳ ಇಲ್ಲ, ಸ್ವಂತ ಹೊಲ ಇಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಇವರು ಬೇರೆಯಾಗುವ ರೀತಿ. ಜನ 150ರ ಹತ್ತಿರ ಬಂದರೆ ಹೊಸ ಜಮೀನು ಕೊಂಡು ಕಾಲೊನಿಯನ್ನು ಎರಡು ಮಾಡುತ್ತಾರೆ. ಕೆಲವು ಕಡೆ ಎಲ್ಲ ಮನೆಯವರೂ ಗಂಟುಮೂಟೆ ಕಟ್ಟಬೇಕು. ಯಾವ ಗುಂಪು ಹೋಗಬೇಕು, ಯಾವುದು ಉಳಿಯಬೇಕು ಎಂದು ಕೊನೆಗೆ ಚೀಟಿ ಎತ್ತುತ್ತಾರೆ. ತನಗೆ ಯಾವ ಪಾಲು ಬರುತ್ತದೆಂದು ಗೊತ್ತಿಲ್ಲದವನು ಪಾಲು ಮಾಡುವಾಗ ಮೋಸ ಮಾಡಲಾರ, ಅಲ್ವಾ? ನಮ್ಮ ಕೂಡು ಕುಟುಂಬಗಳು ಒಡೆದಾಗ ಒಂದು ತೆಂಗಿನ ಮರಕ್ಕೆ ಮೂವತ್ತು ವರ್ಷ ಕೋರ್ಟು ಅಲೆದವರನ್ನು ನೋಡಿದ್ದೇನೆ.

ಆದರೆ ಗುಂಪಾಗಿ ಹೊರಟವರಿಗೆ ಪಾಲು, ಒಬ್ಬನೇ ಹೊರಟವನಿಗೆ ಏನೂ ಇಲ್ಲ. ಹಾಗೆ ಹೋದವರನ್ನು ಅವರ ಭಾಷೆಯಲ್ಲಿ 'ಓಡಿಹೋದವರು' ಎನ್ನುತ್ತಾರೆ. ನಲವತ್ತು ವರ್ಷ ದನ ಕಾದಿದ್ದರೂ ಬರಿಗೈ. ಮ್ಯಾನಿಟೋಬಾದ ಇಂಟರ್‌ಲೇಕ್ ಕಾಲೊನಿಯಲ್ಲಿ ಬೇರೆ ಚರ್ಚಿಗೆ ಸೇರಿದ ಕೆಲವರನ್ನು ಹೊರಹಾಕಿದರು. ಅವರು ಪಾಲು ಕೇಳಿದರು. ಪಾಲಿಲ್ಲ ಎಂದು 1970ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು. ಆಸ್ತಿಯೆಲ್ಲ ಕಾಲೊನಿಯದು ಎಂಬ ಒಪ್ಪಂದಕ್ಕೆ ಸಹಿ ಹಾಕಿದ್ದರು, ಕಾನೂನಿನ ಪ್ರಕಾರ ಸರಿ ಇರಬಹುದು.

ಆದರೆ ಬೈಬಲಿನ ಪ್ರಕಾರ? ಅದೇ ಅಪೊಸ್ತಲರ ಕೃತ್ಯಗಳ ಐದನೇ ಅಧ್ಯಾಯದಲ್ಲಿ ಅನನೀಯ ಎಂಬವನು ಹೊಲ ಮಾರಿದ ಹಣದಲ್ಲಿ ಒಂದಿಷ್ಟು ಬಚ್ಚಿಟ್ಟು, ಎಲ್ಲ ಕೊಟ್ಟೆ ಎಂದು ತೋರಿಸಿಕೊಳ್ಳುತ್ತಾನೆ. ಯೇಸುವಿನ ಶಿಷ್ಯ ಪೇತ್ರ ಅವನನ್ನು ಏನು ಕೇಳುತ್ತಾನೆ ನೋಡಿ. ಮಾರುವ ಮೊದಲು ಹೊಲ ನಿನ್ನದೇ ಆಗಿತ್ತಲ್ಲ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲ? ತಪ್ಪು ಸುಳ್ಳಿನದು. ಕೊಡಲೇಬೇಕು ಎಂದು ಪೇತ್ರ ಹೇಳಲೇ ಇಲ್ಲ.

ಮೇಲಂಗಿ ಹಾಸಿದವರ ಕೈಯಲ್ಲಿ ಕೊಡಲು ಏನಾದರೂ ಇತ್ತು. ಕಾಲೊನಿಯಲ್ಲೇ ಹುಟ್ಟಿದ ಮಗುವಿಗೆ ಅದೂ ಇಲ್ಲ. ಬೆಳೆದ ಮೇಲೆ ತಾನೇ ಒಪ್ಪಿ ದೀಕ್ಷಾಸ್ನಾನ ತಗೊಂಡು ಸಭೆಯ ಸದಸ್ಯನಾಗುತ್ತಾನೆ, ನಿಜ. ಬೇಡ ಎಂದರೆ ಹೊರಗೆ ಒಂದು ಹಾಸಿಗೆಯೂ ಇಲ್ಲದಿರುವಾಗ ಆ ಒಪ್ಪಿಗೆಗೆ ಬೆಲೆ ಎಷ್ಟು?

ಇವರ ಮೇಲಿನ ಪ್ರೀತಿಯಿಂದಲೇ ಕೇಳುತ್ತಿದ್ದೇನೆ. ನಮ್ಮ ಅಜ್ಜಿಯ ಜೊತೆ ಜಗಳವಾಡಿ ಬೇರೆ ಒಲೆ ಹೂಡಿದ ಚಿಕ್ಕಪ್ಪನಿಗೂ ಅವತ್ತೇ ಸಂಜೆ ಒಂದು ಮೂಟೆ ಅಕ್ಕಿ, ಎರಡು ಪಾತ್ರೆ ಹೋಗಿತ್ತು. ಕಳಿಸಿದ್ದು ಅಜ್ಜಿಯೇ.